ಕ್ರೀಡಾ ಬಹಿಷ್ಕಾರವನ್ನು ಮೀರಿದವರು: 1981ರ ಬೆಂಗಳೂರು ಟೆಸ್ಟ್ ಪಂದ್ಯದ ಹಿನ್ನೆಲೆಯಲ್ಲಿ

ದಕ್ಷಿಣ ಆಫ್ರಿಕದ ಜನಾಂಗೀಯ ತಾರತಮ್ಯವನ್ನು ಪ್ರತಿಭಟಿಸಿ ಭಾರತವು 1946ರಲ್ಲಿಯೇ ಆ ದೇಶದೊಡನೆ ವ್ಯಾಪಾರ ಸಂಬಂಧವನ್ನು ಕಡಿದುಕೊಂಡಿತು. 1974ರಲ್ಲಿ ಆ ದೇಶದ ವಿರುದ್ಧ ಆಡಲೊಪ್ಪದೆ ಡೇವಿಸ್ ಕಪ್ ಟೆನಿಸ್‌ನ ಅಂತಿಮ ಪಂದ್ಯವನ್ನೇ ಬಿಟ್ಟುಕೊಟ್ಟಿತು. 1977ರ ಗ್ಲೆನೀಗಲ್ಸ್ ಒಪ್ಪಂದದಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳು ವರ್ಣಭೇದದ ನಾಡಿನೊಡನೆ ಕ್ರೀಡಾ ಸಂಪರ್ಕವನ್ನು ತಡೆಯಲು ಶ್ರಮಿಸುವುದಾಗಿ ಘೋಷಿಸಿದವು. ಒಪ್ಪಂದವೇನೋ ಸರ್ಕಾರಗಳದು, ಆದರೆ ಹಣಕ್ಕಾಗಿ ತಾನಾಗಿಯೇ ಹೋಗುವ ವೃತ್ತಿಪರ ಆಟಗಾರನನ್ನು ಕಟ್ಟಿಹಾಕುವುದು ಹೇಗೆ? ಈ ಪ್ರಶ್ನೆಯನ್ನು ಬೆಂಗಳೂರಿನ ಒಂದು ಪಂದ್ಯದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1981ರಲ್ಲಿ ಇಂಗ್ಲೆಂಡ್ ತಂಡದ ಭಾರತ ಪ್ರವಾಸವೇ ಅನಿಶ್ಚಿತವಾಗಿತ್ತು. ಜೆಫ್ರಿ ಬಾಯ್ಕಾಟ್ ಹಾಗೂ ಜೆಫ್ ಕುಕ್ ಅವರ ದಕ್ಷಿಣ ಆಫ್ರಿಕ ಸಂಪರ್ಕಕ್ಕೆ ಭಾರತ ಸರ್ಕಾರ ಆಕ್ಷೇಪಿಸಿತ್ತು. ವರ್ಣಭೇದವನ್ನು ತಾವು ಒಪ್ಪುವುದಿಲ್ಲವೆಂದು ಅವರು ಸ್ಪಷ್ಟಪಡಿಸಿದ ಬಳಿಕ ಪ್ರಧಾನಿ ಇಂದಿರಾ ಗಾಂಧಿಯವರ ಸರ್ಕಾರ ಅನುಮತಿಯಿತ್ತಿತು. ಡಿಸೆಂಬರ್ 9ರಿಂದ 14ರವರೆಗೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎರಡನೆಯ ಟೆಸ್ಟ್ ನಡೆಯಿತು. ಕನ್ನಡಿಗರಾದ ಜಿ.ಆರ್. ವಿಶ್ವನಾಥ್, ಸೈಯದ್ ಕಿರ್ಮಾನಿ ಭಾರತ ತಂಡದಲ್ಲಿದ್ದರು. ಗಾವಸ್ಕರ್ 172 ರನ್ ಗಳಿಸಿದರು; ಪಂದ್ಯ ಡ್ರಾ ಆಯಿತು.

ಆಟಕ್ಕಿಂತಲೂ ಅಂದಿನ ಆಟಗಾರರ ಪಟ್ಟಿಯೇ ಇಂದು ಹೆಚ್ಚು ವಿಚಾರಾರ್ಹ. ಆ ಪಂದ್ಯವನ್ನಾಡಿದ ಬಾಯ್ಕಾಟ್, ಗ್ರಹಾಂ ಗೂಚ್, ಡೆರೆಕ್ ಅಂಡರ್‌ವುಡ್, ಜಾನ್ ಲಿವರ್ ಮೂರೇ ತಿಂಗಳಲ್ಲಿ, 1982ರ ಮಾರ್ಚ್‌ನಲ್ಲಿ, ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಈ ಬಂಡಾಯ ಪ್ರವಾಸದ ಗುಪ್ತ ಮಾತುಕತೆಗಳು ಭಾರತ ಪ್ರವಾಸದ ಕಾಲದಲ್ಲಿಯೇ ನಡೆದಿದ್ದವು. ಅದೇ ಪಂದ್ಯದ ಮೈಕ್ ಗ್ಯಾಟಿಂಗ್, ಗ್ರಹಾಂ ಡಿಲ್ಲಿ 1990ರಲ್ಲಿ ಅದೇ ಹಾದಿ ಹಿಡಿದರು. ಹನ್ನೊಂದು ಮಂದಿಯಲ್ಲಿ ಆರು ಮಂದಿ ಬಹಿಷ್ಕಾರವನ್ನು ಮೀರಿದಂತಾಯಿತು.

ತೆತ್ತ ಬೆಲೆ ಮಾತ್ರ ಸಮಾನವಾಗಿರಲಿಲ್ಲ. 1982ರಲ್ಲಿ ಹೋದ ಇಂಗ್ಲೆಂಡಿನವರಿಗೆ ಮೂರು ವರ್ಷಗಳ ನಿಷೇಧವಾಯಿತು. ಅದೇ ವರ್ಷ ಹೋದ ಶ್ರೀಲಂಕಾದವರಿಗೆ 25 ವರ್ಷ, 1983ರಲ್ಲಿ ಹೋದ ವೆಸ್ಟ್ ಇಂಡೀಸ್‌ನವರಿಗೆ ಆಜೀವ ನಿಷೇಧ. ಕೊನೆಯ ಎರಡು ನಿಷೇಧಗಳು ಅವಧಿಗೆ ಮೊದಲೇ ತೆರವಾದರೂ ಹಲವರ ಕ್ರೀಡಾಜೀವನ ಅಷ್ಟರಲ್ಲಿ ಮುಗಿದಿತ್ತು. ಗೂಚ್ ಆದರೋ ಮರಳಿ ಬಂದು ನಾಯಕರಾದರು.

1988ರಲ್ಲಿ ಅದೇ ಗೂಚ್ ನಾಯಕತ್ವದ ತಂಡದ ಎಂಟು ಮಂದಿಗೆ ಭಾರತ ವೀಸಾ ನಿರಾಕರಿಸಿತು, ಪ್ರವಾಸ ರದ್ದಾಯಿತು. 1981ರಲ್ಲಿ ಮಾತನ್ನು ನಂಬಿದ ದೇಶ ಈ ಬಾರಿ ನಡತೆಯನ್ನು ನೋಡಿತು. ಆಟಗಾರನ ಆತ್ಮಸಾಕ್ಷಿಯೊಂದನ್ನೇ ನೆಚ್ಚಿದ ಬಹಿಷ್ಕಾರ ದುರ್ಬಲ. ಮೀರಿದವನಿಗೆ ನಷ್ಟ ಉಂಟಾದಾಗ ಮಾತ್ರ ಅದಕ್ಕೆ ಬಲ ಬರುತ್ತದೆ ಎಂಬುದನ್ನು ಈ ಎರಡು ನಿರ್ಧಾರಗಳ ನಡುವಣ ಏಳು ವರ್ಷಗಳು ತೋರಿಸಿಕೊಡುತ್ತವೆ.