ವಾಯರ್‌ಮನ್ ತೊಡುವ ಬಟ್ಟೆಯೂ ಸಲಕರಣೆಯೇ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಮುಚ್ಚಂಡಿ ಮಳೆ ಕಡಿಮೆ ಬೀಳುವ, ಕನ್ನಡ ಮಾತಾಡುವ ಊರು. ಇಂಥ ಸೀಮೆಯಲ್ಲಿ ಬೋರ್‌ವೆಲ್ಲಿನ ನೀರು ಮೇಲೆ ಬರಲು ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದ ಕರೆಂಟು ಬೇಕು, ಕರೆಂಟು ಬರಲು ಹೊಲದಂಚಿನ ಡಿ.ಪಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ ವಿತರಣಾ ಪೆಟ್ಟಿಗೆಯ, ಫ್ಯೂಸು ಸರಿಯಿರಬೇಕು. ಆ ಡಿ.ಪಿ.ಯ ಮುಂದೆ ನಿಂತು ಕೆಲಸ ಮಾಡುವವರಿಗೆ ಕಾದಿರುವ ಅಪಾಯ ಒಂದಲ್ಲ, ಎರಡು. ಶಾಕ್ ಎಲ್ಲರಿಗೂ ಗೊತ್ತು. ಎರಡನೆಯದು ಆರ್ಕ್. ಫೇಸು ಫೇಸಿಗೆ ತಗುಲಿದಾಗ ನಡುವಿನ ಗಾಳಿಯೇ ಕರೆಂಟು ಹರಿಸತೊಡಗಿ, ಲೋಹ ಆವಿಯಾಗಿ ಉರಿ ಚಿಮ್ಮುತ್ತದೆ. ತಂತಿ ಮುಟ್ಟದವರನ್ನೂ ಅದು ಸುಡುತ್ತದೆ. ರಬ್ಬರಿನ ಕೈಗವಸು ಶಾಕನ್ನು ತಡೆದೀತು, ಎದೆ ಮತ್ತು ತೋಳಿಗೆ ಬಡಿಯುವ ಆ ಉರಿಯನ್ನಲ್ಲ. ಅಲ್ಲಿ ಕಾಯಬೇಕಾದದ್ದು ಮೈಮೇಲಿನ ಬಟ್ಟೆ.

ಇಷ್ಟು ಸರಳವಾದ ಮಾತು ನಿಯಮವಾಗಲು ದಶಕಗಳೇ ಹಿಡಿದವು. ಎಷ್ಟು ಶಾಖ, ಎಷ್ಟು ಹೊತ್ತು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ ಎಂದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಆಲಿಸ್ ಸ್ಟಾಲ್ ಮತ್ತು ಸಂಗಡಿಗರು ಅಳೆದರು. ಎಂಜಿನಿಯರ್ ರಾಲ್ಫ್ ಲೀ 1982ರಲ್ಲಿ ಪ್ರಕಟಿಸಿದ ಪ್ರಬಂಧ ಆರ್ಕ್ ಸುಡುವಿಕೆಯನ್ನು ಶಾಕಿನಿಂದ ಬೇರ್ಪಡಿಸಿ ಲೆಕ್ಕಕ್ಕೆ ತಂದಿತು. ಚದರ ಸೆಂಟಿಮೀಟರಿಗೆ 1.2 ಕ್ಯಾಲರಿ ಶಾಖ ಬಿದ್ದರೆ ಎರಡನೇ ದರ್ಜೆಯ ಸುಟ್ಟಗಾಯ ಎಂಬ ಗಡಿ ಹೀಗೆ ನೆಲೆಯೂರಿತು. 1994ರಲ್ಲಿ ಅಮೆರಿಕದ ವಿದ್ಯುತ್ ಕೆಲಸಗಾರರ ನಿಯಮ ಮೊದಲು ಕೇಳಿದ್ದು ಬಟ್ಟೆ ಗಾಯವನ್ನು ಹೆಚ್ಚಿಸಬಾರದು ಎಂದಷ್ಟೇ. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತವೆ ಎಂಬುದು ಅದರ ಹಿಂದಿನ ಕಾರಣ. ಬಟ್ಟೆ ಎಷ್ಟು ಶಾಖ ತಡೆಯುತ್ತದೆಂದು ಅಂಕಿಯಲ್ಲಿ ಹೇಳುವ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಪರೀಕ್ಷಾ ವಿಧಾನ ಬಂದದ್ದು ಆ ಬಳಿಕ, 1999ರಲ್ಲಿ.

ಅಂತರರಾಷ್ಟ್ರೀಯ ಐಇಸಿ ಮಾನದಂಡದ ಇನ್ನೊಂದು ಪರೀಕ್ಷೆ ನಮ್ಮ ಡಿ.ಪಿ.ಗೆ ಇನ್ನೂ ಹತ್ತಿರ. ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ಮತ್ತು ತಾಮ್ರದ ವಿದ್ಯುದಗ್ರಗಳ ನಡುವೆ ಅರ್ಧ ಸೆಕೆಂಡು ಆರ್ಕ್ ಹೊತ್ತಿಸಿ ಎದುರಿನ ಬಟ್ಟೆಯನ್ನು ನೋಡುತ್ತಾರೆ. ಒಂದನೇ ವರ್ಗಕ್ಕೆ 4 ಕಿಲೋ ಆಂಪಿಯರ್, ಎರಡನೆಯದಕ್ಕೆ 7. ಸಾಮಾನ್ಯ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಕೆಳವೋಲ್ಟೇಜ್ ಬದಿಯಲ್ಲಿ ಶಾರ್ಟ್ ಆದರೆ ಹರಿಯುವುದು ಸುಮಾರು 3 ಕಿಲೋ ಆಂಪಿಯರ್. ಅಂದರೆ ಕರೆಂಟಿನ ಮಟ್ಟಿಗೆ ಒಂದನೇ ವರ್ಗದ ಬಟ್ಟೆ ಸಾಲುತ್ತದೆ. ಆದರೆ ಆ ಭರವಸೆ ಅರ್ಧ ಸೆಕೆಂಡಿನದು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದರೆ ಆರ್ಕ್ ಬೇಗ ಆರದು, ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ಬಟ್ಟೆಯ ಮಾನದಂಡವನ್ನು ಒಪ್ಪುವುದೆಂದರೆ ಸರಿಯಾದ ಫ್ಯೂಸನ್ನೂ ಒಪ್ಪಿದಂತೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಲೈನ್ ಬಂದ್ ಮಾಡಿಯೇ ಕೆಲಸ ಮಾಡಿದರೆ ಬಟ್ಟೆ ಯಾಕೆ ಎಂದು ಕೇಳುವವರಿದ್ದಾರೆ. ಬಂದ್ ಮಾಡುವುದೇ ಮೊದಲ ರಕ್ಷಣೆ, ನಿಜ. ಆದರೆ ಸ್ವಿಚ್ ಎಳೆಯುವಾಗ, ಕರೆಂಟು ಹೋಗಿದೆಯೇ ಎಂದು ಟೆಸ್ಟರ್ ಹಿಡಿದು ನೋಡುವಾಗ ಲೈನ್ ಜೀವಂತವೇ ಇದ್ದೀತು. ಆರ್ಕ್ ಆಗಲೂ ಏಳಬಹುದು. ಜತ್ತದ ಬೇಸಗೆಯಲ್ಲಿ ದಪ್ಪ ಬಟ್ಟೆ ತೊಡಲಾಗದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಸೆಕೆ ತಾಳದೆ ಕಳಚಿಟ್ಟ ಅಂಗಿ ಯಾರನ್ನೂ ಕಾಯದು. ಆದ್ದರಿಂದಲೇ ಅಂಕಿ ಬೇಕು: ಅಪಾಯ ಎಷ್ಟೋ ಅಷ್ಟೇ ತೂಕದ ಬಟ್ಟೆ ಆರಿಸಲು ಅದು ದಾರಿ. ಅಲ್ಲದೆ ಬಟ್ಟೆ ದಪ್ಪವಾದಷ್ಟೂ ಕ್ಷೇಮ ಎನ್ನುವಂತಿಲ್ಲ, ಆರ್ಕಿನ ಸ್ಫೋಟದ ಒತ್ತಡವನ್ನು ಯಾವ ಅಂಗಿಯೂ ತಡೆಯದು. ಖರ್ಚಿನ ಮಾತು ಉಳಿಯಿತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳು ಕೈಗವಸು, ರಬ್ಬರ್ ಬೂಟು, ಹೆಲ್ಮೆಟ್, ಸೇಫ್ಟಿ ಬೆಲ್ಟ್ ಒದಗಿಸಬೇಕೆಂದವು. ಅವುಗಳ ಖರ್ಚನ್ನು ಕೆಲಸಗಾರನ ಕಿಸೆಗೆ ಹೊರಿಸಲಿಲ್ಲ. ಆರ್ಕ್ ತಡೆಯುವ ಅಂಗಿಗೂ ಅದೇ ನ್ಯಾಯ ಸಲ್ಲಬೇಕು. ಕಂಬ ಹತ್ತುವವನು ಕಾಯಂ ನೌಕರನಿರಲಿ, ಗುತ್ತಿಗೆಯವನಿರಲಿ, ಆರ್ಕ್ ಇಬ್ಬರ ಚರ್ಮವನ್ನೂ ಅದೇ 1.2 ಕ್ಯಾಲರಿಯಲ್ಲಿ ಸುಡುತ್ತದೆ. ಅಂಗಿ ಇಬ್ಬರಿಗೂ ಸಿಗಬೇಕು.