ತಗಡಿನ ನೆನಪು

ಕಬ್ಬಿಣದ ತಂತಿಯೊಂದನ್ನು ಬಾಗಿಸಿ, ಮತ್ತೆ ನೆಟ್ಟಗೆ ಮಾಡಲು ಯತ್ನಿಸಿದರೆ ಮೊದಲ ಬಾಗು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಪಕ್ಕದಲ್ಲಿಯೇ ಹೊಸ ಬಾಗು ಮೂಡುತ್ತದೆ. ಒಮ್ಮೆ ಮಣಿದ ಲೋಹವು ಮಣಿದ ಎಡೆಯಲ್ಲಿ ಮೊದಲಿಗಿಂತ ಗಡುಸಾಗುವುದೇ ಇದಕ್ಕೆ ಕಾರಣ. ಪುಣೆಯ ತಾಂಬಟ ಆಳಿಯಲ್ಲಿ ತಾಮ್ರದ ಪಾತ್ರೆಗಳನ್ನು ಬಡಿಯುವ ಕುಶಲಿಗಳಿಗೆ ಇದು ಕೈಯೇ ಕಲಿಸಿದ ವಿದ್ಯೆ. ಬಡಿದು ಗಡುಸಾದ ತಗಡನ್ನು ಕಾಯಿಸಿ ಮೆದುಗೊಳಿಸದೆ ಮುಂದುವರಿದರೆ ಅದು ಬಿರಿಯುವುದೆಂಬುದನ್ನು ಅವರು ಬಲ್ಲರು.

ಲೋಹದ ಹರಳುಗಳೊಳಗೆ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ಈ ದೋಷಗಳು ಸರಿದಾಡುವುದರಿಂದಲೇ ಲೋಹ ಮಣಿಯುತ್ತದೆಂದು ೧೯೩೪ರಲ್ಲಿ ಟೇಲರ್, ಓರೊವಾನ್, ಪೋಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ತೋರಿಸಿದರು. ಮಣಿದಷ್ಟೂ ದೋಷಗಳು ಹೆಚ್ಚುತ್ತವೆ; ಕಿಕ್ಕಿರಿದ ಸಂತೆಯ ಜನರಂತೆ ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತದೆ. ಗಡುಸುತನವೆಂದರೆ ಇದೇ.

ಮೋಟಾರು ಕಾರಿನ ಬಾಗಿಲನ್ನು ಪ್ರೆಸ್ಸಿನಲ್ಲಿ ಒತ್ತುವವರು ಇದನ್ನೆಲ್ಲ ಅಚ್ಚು ಕೊರೆಯುವ ಮುನ್ನವೇ ಲೆಕ್ಕಕ್ಕೆ ತರಬೇಕು. ೧೯೪೫ರಲ್ಲಿ ಹಾಲಮನ್ ಕೊಟ್ಟ ಸೂತ್ರದಲ್ಲಿ ಗಡುಸಾಗುವ ಬಗೆಯನ್ನು ಹೇಳುವ ಘಾತಾಂಕವೊಂದುಂಟು. ಮೆದು ಉಕ್ಕಿಗೆ ಅದು ಸುಮಾರು ೦.೨. ಅದು ಹೆಚ್ಚಿದಷ್ಟೂ ಎಳೆತವು ತಗಡಿನ ತುಂಬ ಹರಡಿ, ಒಂದೇ ಕಡೆ ತೆಳುವಾಗಿ ಹರಿಯುವುದು ತಡವಾಗುತ್ತದೆ. ಉರುಳೆಗಳ ನಡುವೆ ಹಾಯ್ದುಬಂದ ತಗಡಿನ ಗುಣವು ಉದ್ದಕ್ಕೊಂದು, ಅಡ್ಡಕ್ಕೊಂದು. ಗುಂಡಗಿನ ಬಟ್ಟಲು ಒತ್ತಿದಾಗ ಅಂಚಿನಲ್ಲಿ ಕಿವಿಗಳು ಏಳುವುದು ಇದರಿಂದಲೇ. ಈ ಭೇದವನ್ನು ಗಣಿತಕ್ಕೆ ಇಳಿಸಿದವರು ರಾಡ್ನಿ ಹಿಲ್, ೧೯೪೮ರಲ್ಲಿ.

ಇಷ್ಟಾದರೂ ಲೆಕ್ಕ ತಪ್ಪಬಹುದು. ಎಳೆದ ಲೋಹವನ್ನು ಅದುಮಿದರೆ ಅದು ನಿರೀಕ್ಷೆಗಿಂತ ಬೇಗ ಮಣಿಯುತ್ತದೆಂಬುದನ್ನು ಮ್ಯೂನಿಕ್ಕಿನ ಬೌಶಿಂಗರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಹಿಡಿದಿದ್ದರು. ಅಚ್ಚಿನ ಅಂಚನ್ನು ದಾಟುವಾಗ ತಗಡು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಎಳೆತವಿದ್ದ ಮೈಗೆ ಅದುಮು ಬರುತ್ತದೆ. "ಲೋಹ ಎಲ್ಲ ದಿಕ್ಕಿಗೂ ಸಮನಾಗಿ ಗಡುಸಾಯಿತು" ಎಂದಷ್ಟೇ ನಂಬಿದ ಲೆಕ್ಕವು ಇದನ್ನು ಮರೆಯುತ್ತದೆ. ಆಗ ಒತ್ತಡ ಬಿಟ್ಟೊಡನೆ ತಗಡು ಎಷ್ಟು ಹಿಂದಕ್ಕೆ ಸೆಟೆಯುವುದೆಂಬ ಅಂದಾಜು ತಪ್ಪಿ, ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ. ಕೊರೆದ ಅಚ್ಚನ್ನು ಮತ್ತೆ ಉಜ್ಜಿ ತಿದ್ದುವ ಶ್ರಮ ಕಾರ್ಮಿಕನ ಪಾಲಿಗೆ ಬರುತ್ತದೆ. ಕಾರುಗಳನ್ನು ಹಗುರಗೊಳಿಸಲೆಂದು ಬಳಸುವ ಇಂದಿನ ಬಲಿಷ್ಠ ಉಕ್ಕುಗಳಲ್ಲಿ ಈ ಸೆಟೆತ ಇನ್ನೂ ಹೆಚ್ಚು.

ಪುಣೆ, ಚೆನ್ನೈಗಳ ಮೋಟಾರು ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ಇದು ದೂರದ ವಿಷಯವಲ್ಲ. ಗಣಕಯಂತ್ರವು ಬಣ್ಣಬಣ್ಣದ ಚಿತ್ರ ತೋರಿಸಿತೆಂದು ನಂಬಿ ಕೂಡುವುದು ಸಲ್ಲದು. ತಗಡನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿದರೆ? ಎಳೆದ ಬಳಿಕ ಅದುಮಿ ನೋಡಿದರೆ? ಈ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು. ತಗಡು ತಾನುಂಡ ಪೆಟ್ಟನ್ನು ಮರೆಯುವುದಿಲ್ಲ. ಅದನ್ನು ಕುರಿತ ಗಣಿತವೂ ಮರೆಯಬಾರದೆಂಬುದೇ ನಮ್ಮ ಮಾತು.