ಹಳೆಯ ಫಿಯೆಟ್ ಕಾರು ಮತ್ತು ತೀರ್ಪುಗಾರರ ಅಂಕಪಟ್ಟಿ

ಪ್ರದರ್ಶನಕ್ಕೆ ಇನ್ನೆರಡು ದಿನಗಳಿರುವಾಗ ಬ್ರಹ್ಮಾವರದ ನಮ್ಮ ಮನೆಯಲ್ಲಿ ಒಂದು ಸಣ್ಣ ಜಿಜ್ಞಾಸೆ ತಲೆದೋರಿತು. ಐವತ್ತು ವರ್ಷಗಳನ್ನು ಮೀರಿದ ನಮ್ಮ ಫಿಯೆಟ್ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಸಂತ ಕ್ರಿಸ್ತೋಫರರ ಪುಟ್ಟ ಪದಕವೊಂದಿದೆ. ಅದನ್ನು ತೆಗೆಯಬೇಕೋ ಬಿಡಬೇಕೋ ಎಂಬುದೇ ಆ ಜಿಜ್ಞಾಸೆ. ಕಾರ್ಖಾನೆಯಿಂದ ಹೊರಬಂದ ದಿನ ಕಾರು ಹೇಗಿತ್ತೋ ಹಾಗೆಯೇ ಇರಬೇಕು, ಅದಕ್ಕೆ ಹೆಚ್ಚಾಗಿ ಸೇರಿದ್ದೆಲ್ಲ ಅಂಕ ಕಳೆಯುತ್ತದೆ ಎಂಬುದು ತಮ್ಮನ ವಾದ. "ಅದನ್ನು ಅಂಟಿಸಿದವರು ನಿಮ್ಮ ಪಪ್ಪ. ಅದನ್ನು ಕಿತ್ತ ಮೇಲೆ ಈ ಕಾರು ನಮ್ಮದೆಂದು ಹೇಗೆ ಹೇಳುತ್ತೀರಿ?" ಎಂಬುದು 87 ವರ್ಷದ ಅಮ್ಮನ ಪ್ರಶ್ನೆ. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು.

ಹಳೆಯ ಕಾರುಗಳ ಪ್ರದರ್ಶನವೆಂದರೆ ರಾಜಮಹಾರಾಜರ ರೋಲ್ಸ್‌ರಾಯ್ಸ್‌ಗಳ ಮೆರವಣಿಗೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ದೆಹಲಿಯಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯು 1964ರಲ್ಲಿ ಇಂತಹ ರ್‍ಯಾಲಿಯನ್ನು ಆರಂಭಿಸಿದಾಗ ಇದ್ದ ಕಾರುಗಳು ಬಹುಮಟ್ಟಿಗೆ ಅಂತಹವೇ. ನಮ್ಮ ಕರಾವಳಿಯವರಿಗೆ ಹಳೆಯ ಕಾರುಗಳ ದರ್ಶನ ಭಾಗ್ಯ ದೊರೆತದ್ದು ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಪ್ರೀತಿಯಿಂದ ಕೂಡಿಸಿಟ್ಟ ಸಂಗ್ರಹದಿಂದ. ಆದರೆ ಕಾಲ ಯಾರಿಗಾಗಿಯೂ ನಿಲ್ಲುವುದಿಲ್ಲ. ನಮ್ಮ ಹಿರಿಯರು ಸಂಬಳದ ಹಣವನ್ನು ಕೂಡಿಸಿ ಕೊಂಡ ಸಾಮಾನ್ಯ ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳೂ ಇಂದು ಐವತ್ತು ದಾಟಿ, ತೀರ್ಪುಗಾರರ ಮುಂದೆ ನಿಲ್ಲುವ ಅರ್ಹತೆ ಪಡೆದಿವೆ.

ಮುಂಬಯಿಗೂ ನಮ್ಮ ಕರಾವಳಿಗೂ ಇರುವ ನಂಟನ್ನು ಓದುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಕುಂದಾಪುರ, ಬ್ರಹ್ಮಾವರ ಕಡೆಯ ಎಷ್ಟೋ ಮನೆಗಳ ಹೆಂಚು, ಎಷ್ಟೋ ಮಕ್ಕಳ ಶಾಲಾ ಶುಲ್ಕ ಆ ನಗರದಿಂದ ಬಂದ ಮನಿಯಾರ್ಡರಿನ ಫಲ. ಫಿಯೆಟ್ ಕಾರು ಕೂಡ ಮುಂಬಯಿಯದೇ ಸಂತಾನ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಾರುಗಳನ್ನು ತಯಾರಿಸತೊಡಗಿತು. ದುಂಡನೆಯ ಮೈಕಟ್ಟಿನ ಹಳೆಯ ಮಾದರಿಯೊಂದನ್ನು ಮುಂಬಯಿ ಜನ 'ಡುಕ್ಕರ್ ಫಿಯೆಟ್' ಎಂದು ಕರೆದರು. ಕೊಂಕಣಿ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ನಗು ಬರುವುದು ಸಹಜ. 1964ರಲ್ಲಿ 'ಫಿಯೆಟ್ 1100 ಡಿಲೈಟ್' ಬಂತು. ಅದೇ ಕಾರು 1970ರ ದಶಕದಲ್ಲಿ ಮೊದಲು 'ಪ್ರೆಸಿಡೆಂಟ್' ಎಂದೂ ಬಳಿಕ 'ಪದ್ಮಿನಿ' ಎಂದೂ ಹೆಸರು ಬದಲಿಸಿಕೊಂಡಿತು.

ನಮ್ಮ ತಂದೆಯವರು ಮುಂಬಯಿಯಲ್ಲಿ ಗುಮಾಸ್ತರಾಗಿದ್ದರು. ಅಂದು ಹಣವಿದ್ದ ಮಾತ್ರಕ್ಕೆ ಕಾರು ಸಿಗುತ್ತಿರಲಿಲ್ಲ. ಬೆಲೆಯೂ ಹಂಚಿಕೆಯೂ ಸರಕಾರದ ನಿಯಂತ್ರಣದಲ್ಲಿದ್ದುದರಿಂದ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಾಗೆ ಕಾದು 1968ರಲ್ಲಿ ಅವರು ತಿಳಿ ಬೂದು ಬಣ್ಣದ ಡಿಲೈಟ್ ಕಾರನ್ನು ಪಡೆದರು. ಅದೇ ವಾರ ಧರ್ಮಗುರುಗಳಿಂದ ಆಶೀರ್ವಾದ ಮಾಡಿಸಿ, ಪ್ರಯಾಣಿಕರ ಪಾಲಕ ಸಂತರ ಪದಕವನ್ನು ಎದುರಿಗಂಟಿಸಿದರು. 1981ರಲ್ಲಿ ನಿವೃತ್ತರಾದಾಗ ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಮಾರ್ಗವಾಗಿ ಘಟ್ಟವಿಳಿದು, ಅದೇ ಕಾರಿನಲ್ಲಿ ಊರು ಸೇರಿದರು.

ಅನಂತರದ ಹದಿನೈದು ವರ್ಷ ಆ ಕಾರು ನಮ್ಮದೊಂದೇ ಮನೆಯ ಸೊತ್ತಾಗಿ ಉಳಿಯಲಿಲ್ಲ. ಆಸುಪಾಸಿನಲ್ಲಿ ಕಾರುಗಳು ವಿರಳವಾಗಿದ್ದ ಕಾಲವದು. ನಡುರಾತ್ರಿ ಹೆರಿಗೆ ನೋವೆಂದರೆ ಮಣಿಪಾಲಕ್ಕೆ, ಮದುವೆಯೆಂದರೆ ಇಗರ್ಜಿಗೆ ಅಥವಾ ದೇವಸ್ಥಾನಕ್ಕೆ, ಊರಿಗೆ ಬಂದವರನ್ನು ಕರೆತರಲು ಬಸ್ಸು ನಿಲ್ದಾಣಕ್ಕೆ, ಹೀಗೆ ಅದು ಎಲ್ಲರ ಕರೆಗೂ ಓಗೊಟ್ಟಿತು. ಪೆಟ್ರೋಲಿನ ಹಣ ಕೊಟ್ಟವರಿಂದ ತೆಗೆದುಕೊಂಡರು, ಕೊಡದವರಿಂದ ಕೇಳಲಿಲ್ಲ. ತಂದೆಯವರು ತೀರಿಕೊಂಡ ಬಳಿಕ, 1998ರ ಹೊತ್ತಿಗೆ, ಕಾರು ದನದ ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತಿತು. ಅಲ್ಲಿ ನಿಂತದ್ದು ಇಪ್ಪತ್ತನಾಲ್ಕು ಮಳೆಗಾಲ.

ಕರಾವಳಿಯ ಉಪ್ಪುಗಾಳಿ ಮತ್ತು ಮಳೆ ಕಬ್ಬಿಣಕ್ಕೆ ಎಂತಹ ವೈರಿಗಳೆಂಬುದನ್ನು 2022ರಲ್ಲಿ ಅದರ ನೆಲಹಾಸನ್ನು ಎತ್ತಿದಾಗ ಕಂಡೆವು. ಕೆಳಗೆ ಅಂಗಳದ ಮಣ್ಣು ಕಾಣುತ್ತಿತ್ತು! ಫಿಯೆಟ್ 1100 ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಇಡೀ ತಗಡಿನ ಒಡಲೇ ಅದರ ಬೆನ್ನೆಲುಬು. ಆದುದರಿಂದ ನೆಲದ ತಗಡು ತುಕ್ಕು ಹಿಡಿದರೆ ಅಂದಗೆಡುವುದಷ್ಟೇ ಅಲ್ಲ, ಕಾರಿನ ಬಲವೇ ಕುಂದುತ್ತದೆ. ತೂತುಗಳನ್ನು ಪಾಟಿಯಿಂದ ಮೆತ್ತಿ ಬಣ್ಣ ಬಳಿಯುವುದು ಸುಲಭ, ಆದರೆ ಅಪಾಯಕರ. ಕೊಳೆತ ಭಾಗವನ್ನು ಕತ್ತರಿಸಿ ಅಷ್ಟೇ ದಪ್ಪದ ಹೊಸ ತಗಡನ್ನು ಬೆಸೆಯುವುದೇ ಸರಿಯಾದ ಕ್ರಮ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ ಮಾತ್ರ ಜಾಮ್ ಆಗಿದ್ದರೂ ಒಡೆದಿರಲಿಲ್ಲ. ಸಿಲಿಂಡರುಗಳಿಗೆ ಎಣ್ಣೆ ಹೊಯ್ದು, ದಿನಕ್ಕಿಷ್ಟೆಂದು ಕೈಯಿಂದಲೇ ತಿರುಗಿಸುತ್ತ, ಹನ್ನೊಂದನೆಯ ದಿನ ಅದನ್ನು ಸಡಿಲಿಸಿದ ಹಿರಿಯ ಮೆಕ್ಯಾನಿಕರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಿಡಿಭಾಗಗಳಿಗಾಗಿ ತಮ್ಮ ಮುಂಬಯಿಯ ಚೋರ್ ಬಜಾರಿಗೆ ಎರಡು ಬಾರಿ ಹೋಗಿ ಬಂದ.

ಆದರೆ ನಾವು ತಪ್ಪುಗಳನ್ನೂ ಮಾಡಿದೆವು. ಅವನ್ನು ಮುಚ್ಚಿಟ್ಟರೆ ಈ ಲೇಖನದಿಂದ ಯಾರಿಗೂ ಪ್ರಯೋಜನವಾಗದು. ಬಣ್ಣ ಹಚ್ಚಿದ ಗ್ಯಾರೇಜಿನವರು ಹಳೆಯ ಸೀಟಿನ ರೆಕ್ಸಿನನ್ನು ಹರಿದಿದೆಯೆಂದು ಕಿತ್ತೆಸೆದರು, ನಾವು ತಡೆಯಲಿಲ್ಲ. ಅಂದಿನ ನೈಲಾನ್ ಟಯರುಗಳ ಬದಲು ಈಗಿನ ರೇಡಿಯಲ್ ಟಯರುಗಳನ್ನು ಹಾಕಿಸಿದೆವು. ಮೂಲ ಬಣ್ಣ ಯಾವುದೆಂದು ಡಿಕ್ಕಿಯ ರಬ್ಬರ್ ಬೀಡಿಂಗಿನ ಅಡಿಯಲ್ಲಿ ಉಳಿದಿದ್ದ ಅಂಗೈ ಅಗಲದ ಗುರುತಿನಿಂದ ಸರಿಯಾಗಿಯೇ ತಿಳಿಯಿತು. ಆದರೆ ಅದರ ಮೇಲೆ ಇಂದಿನ ಕಾರುಗಳಿಗಿರುವ ಕನ್ನಡಿಯಂತಹ ಹೊಳಪನ್ನು ಬಯಸಿದ್ದು ನಮ್ಮದೇ ಆಸೆ. ಬಾಗಿಲಿನಲ್ಲಿ ಒಂದು ತಗ್ಗಿತ್ತು. 1985ರಲ್ಲಿ ಆಸ್ಪತ್ರೆಗೆ ಧಾವಿಸುವಾಗ ಗೇಟಿನ ಕಂಬಕ್ಕೆ ತಾಗಿ ಆದ ತಗ್ಗು. ಅದೂ ಮಾಯವಾಯಿತು. ಅಮ್ಮ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿ ಸುಮ್ಮನಾದರು.

ಇನ್ನು ತೀರ್ಪಿನ ವಿಚಾರ. ಇಂತಹ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನೂರು ಅಂಕಗಳಿಂದ ಲೆಕ್ಕ ಆರಂಭವಾಗುತ್ತದೆ. ಮೂಲಕ್ಕೆ ಹೊಂದದ ಪ್ರತಿಯೊಂದು ಅಂಶಕ್ಕೂ ಅಂಕ ಕಳೆಯುತ್ತ ಹೋಗುತ್ತಾರೆ. ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ದಾಖಲೆಯೊಂದಿಗೆ ತಾಳೆಯಾಗುತ್ತವೆಯೇ, ದೀಪ, ಹಾರ್ನ್, ವೈಪರುಗಳು ಕೆಲಸ ಮಾಡುತ್ತವೆಯೇ, ಜಾಕ್ ಮತ್ತು ಸಲಕರಣೆಗಳು ಆ ಕಾಲದವೇ ಎಂಬುದನ್ನೆಲ್ಲ ಪರೀಕ್ಷಿಸುತ್ತಾರೆ. ಅತಿಯಾದ ಹೊಳಪು ಅಲ್ಲಿ ಗುಣವಲ್ಲ, ದೋಷ. ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದ ಚೆಲುವನ್ನು ತೊಡಿಸಿದರೆ ಅದು ನವೀಕರಣವಲ್ಲ, ವೇಷ ಎಂಬುದು ಬಲ್ಲವರ ಮತ.

ಈ ವಿಚಾರದಲ್ಲಿ ಜಗತ್ತಿನ ದೃಷ್ಟಿಯೇ ಬದಲಾಗುತ್ತಿರುವುದು ಉಲ್ಲೇಖನೀಯ. ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನದು, ಹಳೆಯದನ್ನು ಹೊಸತಾಗಿಸುವುದಕ್ಕಿಂತ ಇದ್ದುದನ್ನು ಇದ್ದಂತೆ ಕಾಪಾಡುವುದಕ್ಕೆ ಆದ್ಯತೆ ನೀಡಿತು. ಅಮೆರಿಕದ ಕ್ಯಾಲಿಫೋರ್ನಿಯದ ಪೆಬ್ಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಸ್ಪರ್ಧೆ ಇಂತಹವುಗಳಲ್ಲೇ ಅತ್ಯಂತ ಪ್ರಸಿದ್ಧವಾದುದು. ಅಲ್ಲಿ 2024ರ ಆಗಸ್ಟಿನಲ್ಲಿ ಪರಮೋಚ್ಚ ಬಹುಮಾನ ದೊರೆತದ್ದು 1934ರ ಬುಗಾಟಿ ಟೈಪ್ 59 ಕಾರಿಗೆ. ಅದು ನವೀಕರಣಗೊಳ್ಳದ ಕಾರು. ಇದ್ದಂತೆಯೇ ಕಾಪಾಡಿದ ಕಾರೊಂದು ಅಲ್ಲಿ ಸರ್ವಶ್ರೇಷ್ಠವೆನಿಸಿದ್ದು ಅದೇ ಮೊದಲು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದರ ಮೈಮೇಲಿದ್ದುದು ಕಾರ್ಖಾನೆಯ ಬಣ್ಣವಲ್ಲ. ಬಳಿಕ ಅದನ್ನು ಕೊಂಡ ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೋಪೋಲ್ಡ್ ಬಳಿಸಿದ ಕಪ್ಪು ಬಣ್ಣ ಮತ್ತು ಹಳದಿ ಪಟ್ಟಿ. ಒಡೆಯನೊಬ್ಬ ಬಿಟ್ಟುಹೋದ ಗುರುತೂ ಕಾರಿನ ಚರಿತ್ರೆಯ ಭಾಗವೇ ಎಂದು ಆ ತೀರ್ಪು ಸಾರಿದಂತಾಯಿತು.

ದೊರೆಯ ಬಣ್ಣಕ್ಕೆ ಸಲ್ಲುವ ಮಾತು ಗುಮಾಸ್ತನ ಪದಕಕ್ಕೆ ಸಲ್ಲದೇ? ಈ ವಾದಕ್ಕೆ ತಮ್ಮ ಮಣಿದ. ಪದಕ ಉಳಿಯಿತು.

ಕರಾವಳಿಯ ಪಟ್ಟಣವೊಂದರಲ್ಲಿ ಇತ್ತೀಚೆಗೆ ನಡೆದ ಆ ಪ್ರದರ್ಶನದಲ್ಲಿ ನಮ್ಮ ಕಾರನ್ನು ಪರೀಕ್ಷಿಸಿದ ಹಿರಿಯ ತೀರ್ಪುಗಾರರು ಮಿತಭಾಷಿಗಳು. ಟಯರಿಗೆ ಅಂಕ ಕಳೆದರು. ಸೀಟಿಗೆ ಕಳೆದರು. ಬಣ್ಣದ ಮುಂದೆ ಬಹಳ ಹೊತ್ತು ನಿಂತು, ಕಳೆದರು. ಪದಕವನ್ನು ಕಂಡು, ಇದು ಯಾವಾಗಿನದೆಂದು ಕೇಳಿದರು. ಅಮ್ಮ ಕೈಚೀಲದಿಂದ ಒಂದು ಕಪ್ಪು ಬಿಳುಪಿನ ಭಾವಚಿತ್ರವನ್ನು ತೆಗೆದುಕೊಟ್ಟರು. ಕಾರು ಬಂದ ವಾರ ಮುಂಬಯಿಯಲ್ಲಿ ತೆಗೆದದ್ದು. ಕಿಟಕಿಯ ಗಾಜಿನಾಚೆ ಪದಕ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಚಿತ್ರವನ್ನೂ ಪದಕವನ್ನೂ ಎರಡೆರಡು ಬಾರಿ ನೋಡಿ, ಇದಕ್ಕೆ ಅಂಕ ಕಳೆಯುವುದಿಲ್ಲ, ದಾಖಲೆಯಿರುವ ಸೇರ್ಪಡೆ ಇದು ಎಂದರು. ಹೊರಡುವ ಮುನ್ನ, ಹಳೆಯ ಸೀಟನ್ನೂ ಹೀಗೆಯೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎಂದಾಗ ತಮ್ಮ ತಲೆತಗ್ಗಿಸಿದ.

ಬಹುಮಾನ ನಮಗೆ ಬರಲಿಲ್ಲ. ನಮ್ಮ ವಿಭಾಗದಲ್ಲಿ ಪ್ರಥಮ ಸ್ಥಾನ ಪಡೆದದ್ದು ಬಣ್ಣ ಮಾಸಿದ, ಸೀಟು ಸವೆದ, ಆದರೆ ಏನನ್ನೂ ಬದಲಿಸದ ಒಂದು ಅಂಬಾಸಿಡರ್. ಅದರ ಮಾಲಕರು ಪ್ರತಿ ಶನಿವಾರ ಅದನ್ನು ಚಾಲೂ ಮಾಡಿ, ಒರೆಸಿ, ಒಣಗಿದ ಜಾಗದಲ್ಲಿ ನಿಲ್ಲಿಸುತ್ತ ಬಂದವರು. ಅವರು ಮಾಡಿದ ವೆಚ್ಚ ನಮ್ಮ ವೆಚ್ಚದ ಕಾಲುಭಾಗವೂ ಆಗಿರಲಾರದು. ಮಧ್ಯಾಹ್ನದ ಹೊತ್ತಿಗೆ ಬಾರಕೂರು ಕಡೆಯ ಮಹಿಳೆಯೊಬ್ಬರು ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಅಮ್ಮನ ಬಳಿ ನಿಂತು, "ಅಮ್ಮಾ, 1984ರಲ್ಲಿ ನನ್ನ ಮದುವೆಯ ದಿಬ್ಬಣ ಹೋದದ್ದು ಇದೇ ಕಾರಿನಲ್ಲಿ ಅಲ್ಲವೇ?" ಎಂದು ಕೇಳಿದರು. ಅಮ್ಮ ಹಿಂದಿನ ಬಾಗಿಲನ್ನು ತೆರೆದು ಅವರನ್ನು ಕೂರಿಸಿದರು. ಅವರು ಮೊದಲು ಹುಡುಕಿದ್ದು ಎದುರಿನ ಪದಕವನ್ನು. ಅಂದು ಅಳುತ್ತ ಕುಳಿತಿದ್ದಾಗ ಕಣ್ಣೆದುರು ಹೊಳೆಯುತ್ತಿದ್ದುದು ಅದೊಂದೇ ಎಂದರು.

ಮನೆಯಲ್ಲಿ ಹಳೆಯ ಕಾರು ಉಳ್ಳ ಓದುಗರಿಗೆ ಕೆಲವು ಉಪಯುಕ್ತ ಮಾಹಿತಿಗಳನ್ನು ನೀಡುವುದು ಉಚಿತವೆನಿಸುತ್ತದೆ. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ ಐವತ್ತು ವರ್ಷಗಳನ್ನು ಮೀರಿದ, ಮೂಲರೂಪದಲ್ಲಿಯೇ ಇರುವ, ದ್ವಿಚಕ್ರ ಮತ್ತು ನಾಲ್ಕು ಚಕ್ರಗಳ ವಾಹನಗಳಿಗೆ 'ವಿಂಟೇಜ್' ಎಂಬ ಮಾನ್ಯತೆ ನೀಡಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನೋಂದಣಿಯ ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಿಂದೆಯೇ ನೋಂದಣಿಯಾದ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಒಡಲು, ಚಾಸಿಸ್, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಮಾಡಿದ್ದರೆ ಈ ಮಾನ್ಯತೆ ದೊರೆಯದು. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಿಕೆ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಆದುದರಿಂದ ಮೊತ್ತಮೊದಲು ಮಾಡಬೇಕಾದ ಕೆಲಸ ಗ್ಯಾರೇಜಿನಲ್ಲಿಲ್ಲ, ಕಪಾಟಿನಲ್ಲಿದೆ. ಆರ್.ಸಿ. ಪುಸ್ತಕ, ತೆರಿಗೆಯ ಚೀಟಿ, ಖರೀದಿಯ ರಶೀದಿ, ಕಾರಿನೊಂದಿಗೆ ತೆಗೆದ ಹಳೆಯ ಭಾವಚಿತ್ರಗಳನ್ನು ಹುಡುಕಿ ಒಂದೆಡೆ ಇಡಿ. ಕಾರನ್ನು ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಚಿತ್ರ ತೆಗೆಯಿರಿ. ಯಾವುದನ್ನು ಬದಲಿಸಿದರೂ ಹಳೆಯದನ್ನು ಎಸೆಯಬೇಡಿ, ಅದು ಹರಿದ ರೆಕ್ಸಿನ್ ಆದರೂ ಸರಿ. ಮನೆಯ ಹಿರಿಯರು ಇನ್ನೂ ಇದ್ದರೆ ಅವರನ್ನು ಕಾರಿನಲ್ಲಿ ಕೂರಿಸಿ ಅವರ ನೆನಪುಗಳನ್ನು ಕೇಳಿ ಬರೆದಿಡಿ. ಯಾವ ಗೀರು ಬರಿಯ ಗೀರು, ಯಾವುದು ಮನೆತನದ ಚರಿತ್ರೆ ಎಂಬುದು ಅವರಿಗಷ್ಟೇ ಗೊತ್ತು.

ಮುಂಬಯಿಯ ರಸ್ತೆಗಳಲ್ಲಿ ಸಾವಿರಗಟ್ಟಲೆ ಓಡಾಡಿದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ನಮ್ಮೂರಿನ ಮಾಡುಗಳಡಿಯಲ್ಲಿ ಇನ್ನೂ ಒಂದೊಂದು ಉಳಿದಿದ್ದರೆ, ಗುಜರಿಯವನು ಬೆಲೆ ಕೇಳಿಕೊಂಡು ಬಂದ ದಿನ ಒಂದು ಗಳಿಗೆ ತಡೆದು ಆಲೋಚಿಸುವುದೊಳಿತು.

ತಮ್ಮ ಈಗ ನೈಲಾನ್ ಟಯರುಗಳನ್ನು ಹುಡುಕುತ್ತಿದ್ದಾನೆ. ಮುಂದಿನ ವರ್ಷದ ಪ್ರದರ್ಶನಕ್ಕೂ ಹೋಗುವ ಮನಸ್ಸಿದೆ. ಅಮ್ಮನದು ಒಂದೇ ಷರತ್ತು: ಹೋಗುವಾಗ ಕಾರನ್ನು ಲಾರಿಯ ಮೇಲೇರಿಸದೆ, ಮಾಬುಕಳದ ಸೇತುವೆಯ ಮೇಲೆ ಅದರ ಚಕ್ರಗಳಲ್ಲಿಯೇ ಒಯ್ಯಬೇಕು, ಹಿಂದಿನ ಸೀಟಿನಲ್ಲಿ ತಾವು ಇರಬೇಕು.